ಮಿಂಚುವ ತಟ್ಟೆಗೆ ಹಚ್ಚಿದ ಕೀಲೆಣ್ಣೆ

ನನ್ನ ಮೊಮ್ಮಗಳ ಹೊಸ ಮೋಟಾರ್‌ಸೈಕಲ್ಲಿಗೆ ಐದುನೂರು ಕಿಲೋಮೀಟರ್ ತುಂಬಿತು! ಮೊದಲ ಸರ್ವಿಸಿಂಗೂ ಆಯಿತು. ಹುಡುಗಿಗೆ ಒಂದು ತರಚು ಗಾಯವಿಲ್ಲ, ಗಾಡಿಗೆ ಒಂದು ಗೀರಿಲ್ಲ. ನಮ್ಮೂರು ಪಾಲಬಾವಿಯಲ್ಲಿ ನನಗೆ ಎದುರಾದ ಎಲ್ಲರಿಗೂ ಇದನ್ನು ಹೇಳಿದ್ದೇನೆ, ಕೆಲವರಿಗೆ ಎರಡೆರಡು ಸಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಆದರೂ ಇದನ್ನು ಬರೆದಿಡಬೇಕು ಅನಿಸಿತು. ಯಾಕೆಂದರೆ ಸರ್ವಿಸಿಂಗಿನ ದಿನ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ನಾನು ಪಟ್ಟ ಭಯವನ್ನು ಯಾರಿಗೂ ಸರಿಯಾಗಿ ಹೇಳಿಲ್ಲ. ಭಯಕ್ಕೆ ಕಾರಣನಾದವನು ನಾನೇ.

ಮೊಮ್ಮಗಳಿಗೆ ದನದ ದವಾಖಾನೆಯಲ್ಲಿ ಕೆಲಸ ಸಿಕ್ಕಿದೆ, ಚಿಂಚಲಿ ಕಡೆ. ಊರೂರು ತಿರುಗಿ, ತೋಟದ ಮನೆಗಳಿಗೆ ಹೋಗಿ ದನ ಎಮ್ಮೆಗಳಿಗೆ ಸೂಜಿ ಹಾಕಬೇಕು. ಆ ಕೆಸರು ದಾರಿಗೆ ಸ್ಕೂಟರ್ ನಡೆಯುವುದಿಲ್ಲ ಎಂದು ಅವಳು ಮೋಟಾರ್‌ಸೈಕಲ್ಲೇ ತಂದಳು. ಬೀಗರೆಲ್ಲ ಮೂಗು ಮುರಿದರು. ನಾನು ಮೇಲೆ ನಕ್ಕೆ, ಒಳಗೆ ನಡುಗಿದೆ. ಕಬ್ಬಿನ ಹಂಗಾಮು ಬೇರೆ. ಎರಡೆರಡು ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಉಗಾರದ ಸಕ್ಕರೆ ಕಾರ್ಖಾನೆಯ ಕಡೆಗೆ ಸಾಲು ಹಿಡಿದಿರುತ್ತವೆ. ಹಿಂದಿನ ಟ್ರಾಲಿ ಯಾವಾಗ ಯಾವ ಕಡೆ ಓಲಾಡುತ್ತದೋ ಓಡಿಸುವವನಿಗೇ ಗೊತ್ತಿರುವುದಿಲ್ಲ.

ಗಾಡಿ ಬಂದ ದಿನ ಜೊತೆಗೆ ಕೊಟ್ಟ ಪುಸ್ತಕವನ್ನು ಅವಳು ಕಟ್ಟೆಯ ಮೇಲೆ ಕೂತು ಓದಿ ಹೇಳಿದಳು. ಮೊದಲ ಐದುನೂರು ಕಿಲೋಮೀಟರ್ ಜೋರು ಓಡಿಸಬಾರದು. ಒಂದೇ ವೇಗದಲ್ಲಿ ಬಹಳ ಹೊತ್ತು ಹೋಗಬಾರದು. ಚಾಲೂ ಮಾಡಿದ ಕೂಡಲೇ ರೇಸ್ ಕೊಡಬಾರದು. ಚೈನಿನ ಸಡಿಲ ನೋಡಬೇಕು, ಅದಕ್ಕೆ ಎಣ್ಣೆ ಬಿಡಬೇಕು. ನನಗೆ ಇದೆಲ್ಲ ಹೊಸದಲ್ಲ. ಹರೆಯದಲ್ಲಿ ಬಾವಿಗೆ ಡೀಸೆಲ್ ಎಂಜಿನ್ ತಂದಾಗ ಖುಷಿಯಲ್ಲಿ ಅದನ್ನು ಮೂರು ದಿನ ಬಿಡದೇ ಪೂರ್ತಿ ಜೋರಿನಲ್ಲಿ ಓಡಿಸಿದ್ದೆ. ಮೂರನೇ ದಿನ ಕಿರುಚಿ ನಿಂತುಬಿಟ್ಟಿತು. ಪಿಸ್ಟನ್ ಹಿಡಿದುಕೊಂಡಿತ್ತು.

"ನಲವತ್ತರ ಮ್ಯಾಲೆ ಹ್ವಾದ್ಯಂದ್ರ ನಾ ಗಾಡಿ ಕೀಲಿ ಬಾವ್ಯಾಗ ಒಗಿತೀನಿ," ಎಂದೆ.

"ಮುತ್ಯಾ, ಸೈಕಲ್ನ್ಯಾವ್ರು ನನ್ನ ಹಿಂದ ಹಾಕಿ ಹೊಕ್ಕಾರು," ಎಂದಳು.

"ಹೋಗ್ಲಿ ಬಿಡು. ಅವ್ರು ಮುಂದ ಹೋಗಿ ಚಾ ಕುಡೀತಾರ, ನೀ ಆಮ್ಯಾಲ ಕುಡಿ."

ಅವಳು ನನ್ನ ಮಾತು ಮೀರಲಿಲ್ಲ. ದಿನಾ ಬೆಳಗ್ಗೆ ನಾನು ಗಾಡಿ ಒರೆಸುತ್ತಿದ್ದೆ, ಚೈನನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದೆ, ಗಾಲಿ ಒತ್ತಿ ಗಾಳಿ ನೋಡುತ್ತಿದ್ದೆ. ಹೊಸ ಹೋರಿಯನ್ನು ನೊಗಕ್ಕೆ ರೂಢಿ ಮಾಡುವಾಗಲೂ ಹೀಗೆಯೇ. ಮೊದಲು ಬರೀ ನೊಗ, ಆಮೇಲೆ ಹಗುರ ಕೊರಡು, ಭಾರವೆಲ್ಲ ಕಡೆಗೆ. ಕಿಲೋಮೀಟರಿನ ಅಂಕಿ ಎಷ್ಟಾಯಿತೆಂದು ಸಂಜೆ ಅವಳು ಹೆಲ್ಮೆಟ್ ತೆಗೆಯುವ ಮೊದಲೇ ಬಗ್ಗಿ ನೋಡುತ್ತಿದ್ದೆ.

ಸರ್ವಿಸಿಂಗಿನ ಹಿಂದಿನ ಸಂಜೆ ಅವಳು ಬಂದು, "ಮುಂದಿನ ಗಾಲಿ ಬ್ರೇಕ್ ಹಿಡಿದ್ರ ಕೀರ್ ಅಂತೈತಿ ಮುತ್ಯಾ. ನಾಳೆ ಕೆಲಸ ಮುಗಿಸಿ ರಾಯಬಾಗದಾಗ ತೋರಸ್ತೀನಿ," ಎಂದು ಒಳಗೆ ಹೋದಳು.

ಕೀರ್ ಅನ್ನುವ ಗಾಲಿ ಇಟ್ಟುಕೊಂಡು ದೂರದ ದಾರಿಗೆ ಹೋಗುವುದೇ? ನಮ್ಮಲ್ಲಿ ಎತ್ತಿನ ಗಾಡಿ ಹೊರಡುವ ಮುಂಚೆ ಮನೆಯ ಹಿರಿಯ ತನ್ನ ಕೈಯಾರೆ ಅಚ್ಚಿಗೆ ಕೀಲೆಣ್ಣೆ ಹಚ್ಚಬೇಕು. ನನ್ನ ಅಪ್ಪ ಹಚ್ಚುತ್ತಿದ್ದ, ಅವನ ನಂತರ ನಾನು. ಯಾರೂ ಕೇಳಬೇಕಿಲ್ಲ, ಯಾರಿಗೂ ಹೇಳಬೇಕಿಲ್ಲ. ಔಡಲೆಣ್ಣೆಗೆ ಮಸಿ ಕಲಸಿದ ಆ ಕಪ್ಪು ಎಣ್ಣೆಯ ಬಾಟಲಿ ಈಗಲೂ ಹಳೇ ಎತ್ತಿನ ಗಾಡಿಯ ಮೂಕಿಗೆ ತೂಗುಬಿದ್ದಿದೆ. ಬೆಳಗ್ಗೆ ಅವಳು ಸ್ನಾನಕ್ಕೆ ಹೋದಾಗ ಬಾಟಲಿ ಇಳಿಸಿದೆ. ಮುಂದಿನ ಗಾಲಿಯ ಪಕ್ಕದಲ್ಲಿ ತೂತು ತೂತಿನ ಒಂದು ಮಿಂಚುವ ತಟ್ಟೆ ಇದೆಯಲ್ಲ, ಕೀರ್ ಅನ್ನುವುದು ಅದೇ ಎಂದು ಗಾಲಿ ತಿರುಗಿಸಿ ಗೊತ್ತುಮಾಡಿಕೊಂಡೆ. ಅದರ ಎರಡೂ ಮಗ್ಗುಲಿಗೆ ಬಟ್ಟೆಯಿಂದ ತೆಳ್ಳಗೆ, ಪ್ರೀತಿಯಿಂದ ಹಚ್ಚಿದೆ. ತಿರುಗಿಸಿ ನೋಡಿದರೆ ಸದ್ದೇ ಇಲ್ಲ. ಎಂಥ ಸಮಾಧಾನವಾಯಿತು!

ಅವಳು ಲಸಿಕೆಯ ಡಬ್ಬಿ ಹಿಂದೆ ಕಟ್ಟಿಕೊಂಡು ಹೊರಟಳು. ನಾನು ಕೈಯೆತ್ತಿದೆ.

ಒಂಬತ್ತರ ಸುಮಾರಿಗೆ ನನ್ನ ಮಗ, ಅಂದರೆ ಅವಳ ಅಪ್ಪ, ಹೊಲಕ್ಕೆ ನೀರು ಕಟ್ಟಿ ಬಂದ. ಕಟ್ಟೆಯ ಮೇಲಿದ್ದ ಬಾಟಲಿ ಕಂಡ.

"ಅಪ್ಪಾ, ಕೀಲೆಣ್ಣಿ ಯಾಕ ಇಳಿಸೀದಿ? ಎತ್ತು ಮಾರಿ ನಾಕ್ ವರ್ಷ ಆತು."

"ಆಕಿ ಗಾಡಿ ಮುಂದಿನ ಗಾಲಿ ಒದರಾಕತ್ತಿತ್ತು. ಆ ಮಿಂಚೂ ತಟ್ಟಿಗೆ ಹಚ್ಚೀನಿ. ಈಗ ಹೆಂಗ ಸುಮ್ನ ಹ್ವಾತು ನೋಡು!"

ಅವನ ಮುಖದ ಬಣ್ಣ ಹೋಯಿತು. "ಅದs ಬ್ರೇಕ್ ಅಪ್ಪಾ! ಆ ತಟ್ಟಿನ ಹಿಡದs ಗಾಡಿ ನಿಲ್ಲೂದು. ಅದಕ್ಕ ಎಣ್ಣಿ ಹಚ್ಚಿದ್ರ ಏನ್ ಹಿಡೀತೈತಿ?"

ಬ್ರೇಕು ಎಂದರೆ ಗಾಲಿಯ ಒಳಗೆ ಇರುತ್ತದೆ ಎಂದೇ ನಾನು ತಿಳಿದಿದ್ದೆ. ಮಗನ ಹಳೇ ಗಾಡಿಯಲ್ಲಿ ಹಾಗೇ ಇದೆ. ಅವನು ಮಗಳಿಗೆ ಫೋನ್ ಹಚ್ಚಿದ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದ, ಎತ್ತಲಿಲ್ಲ. ಒಳಗಿನಿಂದ ನನ್ನಾಕೆ ಬಂದು, "ಏನಾತು?" ಎಂದಳು. ಮಗನೇ ಹೇಳಿದ. ಅವಳು ನನ್ನ ಕಪ್ಪು ಕೈ ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

ಮಗನ ಗಾಡಿಯ ಹಿಂದೆ ಕೂತೆ. "ಗಟ್ಟಿ ಹಿಡ್ಕೊ," ಎಂದ. ಊರಿನ ಹಿಟ್ಟಿನ ಗಿರಣಿಯ ಮುಂದಿನ ತಿರುವಿನಲ್ಲೇ ರಸ್ತೆಯ ಮೇಲೆ ಕಪ್ಪಾಗಿ ಉಜ್ಜಿದ ಗುರುತು ಕಂಡಿತು. ಯಾರ ಗಾಡಿಯದೋ. ಮಗನೂ ಅದನ್ನು ನೋಡಿ ಗಾಡಿ ಇನ್ನೂ ಜೋರು ಮಾಡಿದ.

ದೊಡ್ಡ ರಸ್ತೆಗೆ ಬಂದರೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಪ್ರತಿ ಟ್ರಾಲಿಯ ಹಿಂದೆ ನನಗೆ ಅವಳ ಹಳದಿ ಓಢಣಿ ಕಾಣುತ್ತಿತ್ತು, ಹತ್ತಿರ ಹೋದರೆ ಬರೀ ಒಣ ಸೋಗೆ. ಒಂದು ಕಡೆ ಜನ ಗುಂಪಾಗಿ ನಿಂತಿದ್ದರು. ಟ್ರಾಲಿಯೊಂದು ಮಗ್ಗುಲಾಗಿ ರಸ್ತೆ ತುಂಬ ಕಬ್ಬು ಚೆಲ್ಲಿತ್ತು. ಮಗ ಗಾಡಿ ನಿಲ್ಲಿಸಿದ. ನನಗೆ ಇಳಿಯಲಾಗಲಿಲ್ಲ. ಕಣ್ಣು ಮುಚ್ಚಿ ಕೂತೆ. ನೋಡದಿದ್ದರೆ ಅಲ್ಲಿ ಏನೂ ಆಗಿರುವುದಿಲ್ಲ ಅನ್ನುವ ಹಾಗೆ. ಅವಳನ್ನು ತೊಟ್ಟಿಲಲ್ಲಿ ತೂಗಿದ್ದು ಈ ಕೈ, ಎಣ್ಣೆ ಹಚ್ಚಿದ್ದೂ ಇದೇ ಕೈ.

"ಯಾರಿಗರ ಏನರ ಆಗೇತೇನ್ರೀ?" ಮಗ ಕೂಗಿ ಕೇಳಿದ.

"ಏನಿಲ್ರಿ, ಕಬ್ಬಿಗಷ್ಟs ಆಗೇತಿ. ಅಜ್ಜಗ ಒಂದ್ ಗಳ ಕೊಡ್ರೆಲೇ, ಮಾರಿ ನೋಡ್ರಿ ಹೆಂಗಾಗೇತಿ," ಎಂದ ಯಾವನೋ. ಅವರು ನಕ್ಕರು. ನಾವು ಮುಂದೆ ಹೋದೆವು.

ಅವರಿವರನ್ನು ಕೇಳುತ್ತ ಹೋದರೆ, ಚಿಂಚಲಿ ಹತ್ತಿರದ ಒಂದು ತೋಟದ ಮನೆಯ ಮುಂದೆ, ಬೇವಿನ ಮರದ ನೆರಳಲ್ಲಿ, ಆ ಗಾಡಿ ನಿಂತಿತ್ತು. ನೆಟ್ಟಗೆ ನಿಂತಿತ್ತು! ಅವಳು ಎಮ್ಮೆಯ ಕುತ್ತಿಗೆ ತಟ್ಟುತ್ತ ಸೂಜಿ ಹಾಕುತ್ತಿದ್ದಳು. ನಮ್ಮನ್ನು ಕಂಡವಳೇ ಸೊಂಟಕ್ಕೆ ಕೈ ಇಟ್ಟಳು.

"ಬರ್ರಿ ಬರ್ರಿ ಮೇಸ್ತ್ರಿ! ನಿಮ್ಮನ್ನs ನೆನಸಾಕತ್ತಿದ್ದೆ."

ನಾನು ಅಲ್ಲೇ ದನ ಕಟ್ಟುವ ಗೂಟದ ಪಕ್ಕ ಮಣ್ಣಿನಲ್ಲಿ ಕೂತುಬಿಟ್ಟೆ. ಆಗ ಅವಳ ನಗು ನಿಂತಿತು. ಹತ್ತಿರ ಬಂದು ಕೂತು ಮೆಲ್ಲಗೆ ಹೇಳಿದಳು. ಗಿರಣಿಯ ತಿರುವಿನಲ್ಲಿ ಒಂದು ಆಡು ಅಡ್ಡ ಬಂತು. ಮುಂದಿನ ಬ್ರೇಕ್ ಹಿಡಿದರೆ ಬೆಣ್ಣೆ ಹಿಡಿದಂತೆ ಜಾರಿತು. ಕಾಲಿನ ಬ್ರೇಕ್ ಜೋರಾಗಿ ಒತ್ತಿದಳು, ಹಿಂದಿನ ಗಾಲಿ ಉಜ್ಜಿಕೊಂಡು ಹೋಗಿ ಆಡಿನಿಂದ ಒಂದು ಮೊಳದಲ್ಲಿ ನಿಂತಿತು. ಕೆಳಗಿಳಿದು ತಟ್ಟೆ ಮುಟ್ಟಿ ಮೂಸಿ ನೋಡಿದರೆ ಔಡಲೆಣ್ಣೆ.

"ಈ ವಾಸನಿ ಜಗತ್ತಿನ್ಯಾಗ ಒಬ್ಬs ಮನಶ್ಯಾಂದು, ಗೊತ್ತಾತು."

"ಫೋನ್ ಯಾಕ ಎತ್ತಲಿಲ್ಲ ಬೇ?" ಮಗ ಗದರಿದ.

"ಲಸಿಕಿ ಡಬ್ಬಿ ಬುಡಕ ಇತ್ತಪ್ಪಾ, ಕೇಳ್ಸಿಲ್ಲ." ಮತ್ತೆ ನನ್ನ ಕಡೆ ತಿರುಗಿದಳು. "ಮುತ್ಯಾ, ನಾ ನಲವತ್ತರ ಒಳಗs ಇದ್ದೆ. ನೀ ಹೇಳಿದ್ದ ಕೇಳದs ಅರವತ್ತರಾಗ ಬಂದಿದ್ರ ಆಡೂ ಇಲ್ಲ, ನಾನೂ ಇಲ್ಲ."

ದನಕ್ಕೆ ಸೂಜಿ ಹಾಕುವ ಮೊದಲು ಹಚ್ಚುವ ಸ್ಪಿರಿಟ್ಟು, ಹತ್ತಿ ತೆಗೆದು ಅಲ್ಲೇ ತಟ್ಟೆ ಒರೆಸಿದ್ದಳಂತೆ. ಆದರೂ ಮುಂದಿನ ಬ್ರೇಕ್ ನಂಬದೆ ಕಾಲಿನ ಬ್ರೇಕಿನಲ್ಲೇ ಇಪ್ಪತ್ತರಲ್ಲಿ ಬಂದಿದ್ದಳು. ಎಮ್ಮೆಯ ಯಜಮಾನಿ ಬಾಗಿಲಲ್ಲಿ ನಿಂತು, "ಸ್ಪಿರಿಟ್ ಎಲ್ಲಾ ಗಾಡಿಗೆ ಹಾಕೀರಿ, ನಮ್ಮೆಮ್ಮಿಗೆ ಒಂದ ಹನಿ ಉಳದೈತಿ!" ಎಂದಳು. ಎಲ್ಲರೂ ನಕ್ಕರು. ನನಗೆ ಅಳು ಬಂತು.

ಮಧ್ಯಾಹ್ನ ಮೂವರೂ ರಾಯಬಾಗಕ್ಕೆ ಹೋದೆವು, ಎಮ್ಮೆಗಿಂತ ನಿಧಾನ. ಅಲ್ಲಿನ ಗ್ಯಾರೇಜಿನ ಮೇಸ್ತ್ರಿ ಎಣ್ಣೆ ಹೀರಿದ ಬ್ರೇಕಿನ ಪ್ಯಾಡುಗಳನ್ನು ತೆಗೆದು ಹೊಸವು ಹಾಕಿದ. ನನ್ನ ಕೈ ಹಿಡಿದು ತಟ್ಟೆ ತೋರಿಸಿದ. "ಇದೊಂದ ಬಿಟ್ಟು ಏನ್ ಬೇಕಾದ್ದು ಮುಟ್ರಿ ಅಜ್ಜಾರ." ಎಂಜಿನ್ನಿನ ಹಳೇ ಎಣ್ಣೆ ಇಳಿಸಿದಾಗ ಅದರಲ್ಲಿ ಸಣ್ಣಗೆ ಮಿಂಚುವ ಪುಡಿ ಕಂಡಿತು. ಎಂಜಿನ್ ಸವೆಯುತ್ತಿದೆಯೇ ಎಂದು ಕೇಳಿದೆ. ಹೊಸ ಲೋಹ ಒಂದಕ್ಕೊಂದು ಹೊಂದಿಕೊಳ್ಳುವಾಗ ಪುಡಿ ಬಿಡುತ್ತದೆ, ಮೊದಲ ಎಣ್ಣೆಯನ್ನು ಬೇಗ ತೆಗೆಯುವುದು ಅದಕ್ಕೇ ಎಂದ. ಚೈನು ಬಿಗಿದ, ನಟ್ಟು ನೋಡಿದ. ಮರಳಿ ಬರುವಾಗ ಅವಳ ಹಿಂದೆ ನಾನೇ ಕೂತೆ. ದಾರಿಯುದ್ದಕ್ಕೂ ಅವಳು ಬೇಕೆಂದೇ ಮುಂದಿನ ಬ್ರೇಕ್ ಹಿಡಿದು ತೋರಿಸುತ್ತಿದ್ದಳು. ಪ್ರತಿ ಸಲ ನಾನು ಅವಳ ಹೆಗಲು ಗಟ್ಟಿ ಹಿಡಿಯುತ್ತಿದ್ದೆ.

ಸಂಜೆ ಮನೆಯವರೆಲ್ಲ ಒಂದೇ ಸಾಲಿನಲ್ಲಿ ಊಟಕ್ಕೆ ಕೂತೆವು. ಬಿಸಿ ರೊಟ್ಟಿ, ಬದನೆಕಾಯಿ, ಶೇಂಗಾ ಚಟ್ನಿ, ಮತ್ತೆ ಗಾಡಿಗೆ ಐದುನೂರು ತುಂಬಿದ ಖುಷಿಗೆ ಸೊಸೆ ಮಾಡಿದ ಸಿಹಿ ಮಾದಲಿ. ಬೆಳಗ್ಗೆಯಿಂದ ನನ್ನೊಂದಿಗೆ ಮಾತಾಡದಿದ್ದ ನನ್ನಾಕೆ ಚಟ್ನಿಗೆ ಎಣ್ಣೆ ಬಿಡಲು ಮಿಳ್ಳೆ ಎತ್ತಿದಳು. ನಾನು ಕೈ ಚಾಚಿದೆ.

"ಅವ್ರ ಕೈಗೆ ಎಣ್ಣಿ ಕೊಡಬ್ಯಾಡ್ರೆ," ಎಂದಳು ಎಲ್ಲರಿಗೂ ಕೇಳುವಂತೆ, "ತಟ್ಟಿ ಕಂಡ್ರ ಸಾಕು, ಹಚ್ಚತಾರ!"

ಮಗನಿಗೆ ನಗುತ್ತ ಕೆಮ್ಮು ಹತ್ತಿತು. ಮೊಮ್ಮಗಳು ಮಿಳ್ಳೆ ಇಸಿದುಕೊಂಡು ನನ್ನ ಚಟ್ನಿಗೆ ತಾನೇ ಎಣ್ಣೆ ಬಿಟ್ಟಳು. ನಾಲ್ಕು ಸಲ ಸಾಬೂನು ಹಚ್ಚಿ ತೊಳೆದರೂ ನನ್ನ ಬೆರಳಲ್ಲಿ ಔಡಲೆಣ್ಣೆಯ ವಾಸನೆ ಇತ್ತು. ಆ ಬೆರಳಿನಿಂದಲೇ ರೊಟ್ಟಿ ಮುರಿದು ಮೊದಲ ತುತ್ತು ಅವಳ ಬಾಯಿಗಿಟ್ಟೆ. ಅವಳು ಮೂಗು ಮುಚ್ಚಿಕೊಂಡೇ ತಿಂದಳು.