ಮೂರು ಮನೆಗೆ ಹಂಚಿಹೋದ ಕತ್ತಿ

ಇನಾಮದಾರ ಡಾಕ್ಟರು ಊಟದ ನಡುವೆ ಇದ್ದಕ್ಕಿದ್ದಂತೆ ಒಂದು ಕಣ್ಣನ್ನು ಮೂಗಿನ ಕಡೆ ತಿರುಗಿಸಿ, ತುಟಿ ಕೆಳಗೆಳೆದು, ಕಲ್ಲಿನಂತೆ ಕೂತುಬಿಡುತ್ತಿದ್ದರು. ಬಾಯಲ್ಲಿ ಅರ್ಧ ಅಗಿದ ಚಪಾತಿ. ಜಪಾನಿನ ಕಬುಕಿ ನಾಟಕದ ನಟ ಸಿಟ್ಟು ನೆತ್ತಿಗೇರಿದಾಗ ಹೀಗೆಯೇ ನಿಲ್ಲುತ್ತಾನಂತೆ. ಶೀ, ನನಗಂತೂ ತುತ್ತು ಇಳಿಯುತ್ತಿರಲಿಲ್ಲ.

ಲಂಡನ್ನಿನ ಪಿನ್ನರ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಧಾರವಾಡದವರು, ಆಸ್ಪತ್ರೆಯಿಂದ ನಿವೃತ್ತರಾಗಿದ್ದರು, ಹೆಂಡತಿ ತೀರಿಕೊಂಡಿದ್ದರು. ಕಬುಕಿ ನಟರ ಹಳೆಯ ಚಿತ್ರಗಳೆಂದರೆ ಹುಚ್ಚು. ಮರದ ಹಲಗೆ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳು. ಬೆಳಕಿಗೆ ಬಣ್ಣ ಹಾರುತ್ತದೆಂದು ಆ ಕೋಣೆಯ ಪರದೆ ಸರಿಸುತ್ತಲೇ ಇರಲಿಲ್ಲ. ಒಳಗೆ ಹೋದರೆ ಮುಗ್ಗಲು ವಾಸನೆ, ಮೇಲೆ ಅವರ ಪಾಠ ಬೇರೆ.

ಅವರ ಪ್ರಾಣವೆಲ್ಲ ಮೂರು ಹಾಳೆ ಸೇರಿ ಆಗುವ ಒಂದು ಚಿತ್ರದ ಮೇಲಿತ್ತು. ಬಲಗಡೆಯ ಹಾಳೆಯ ನಟ ಹಿಡಿದ ಕತ್ತಿ, ನಡುವಿನ ಹಾಳೆಯ ಹೆಂಗಸಿನ ತಲೆಯ ಮೇಲೆ ಹಾದು, ಎಡಗಡೆಯವನ ಕುತ್ತಿಗೆಯ ಹತ್ತಿರ ನಿಂತಿತ್ತು. ಒಂದೊಂದು ಹಾಳೆಯನ್ನು ಒಂದೊಂದು ಅಂಗಡಿಯಲ್ಲಿ ವರ್ಷಗಟ್ಟಲೆ ಹುಡುಕಿ ಕೂಡಿಸಿದ್ದರು. "ಈಕಿ ಹೆಂಗಸಲ್ಲ ತಂಗಿ, ಹೆಣ್ಣಿನ ವೇಷ ಹಾಕಿದ ಗಂಡಸು. ದವಡಿ ನೋಡು," ಎಂದು ಹೋದಾಗಲೆಲ್ಲ ಹೇಳುತ್ತಿದ್ದರು.

ಮೈಯಲ್ಲಿ ಶಕ್ತಿ ಕುಂದಿ, ಮನೆ ಮಾರಿ ಸಣ್ಣ ಫ್ಲಾಟಿಗೆ ಹೋಗುವಾಗ, ಈ ಚಿತ್ರವನ್ನು ಮೂವರು ಮಕ್ಕಳಿಗೆ ಒಂದೊಂದು ಹಾಳೆಯಂತೆ ಹಂಚುತ್ತೇನೆಂದರು. ಹೊಲ ಹಿಸ್ಸೆ ಮಾಡಿದ ಹಾಗೆ! ನನಗೆ ಮೈಯೆಲ್ಲ ಉರಿಯಿತು. ಒಬ್ಬರಿಗೇ ಕೊಡಿ, ಇಲ್ಲವೇ ಮ್ಯೂಸಿಯಂಗೆ ಕೊಟ್ಟುಬಿಡಿ ಎಂದು ಬಾಯಿ ಬಡಿದುಕೊಂಡೆ. ತಾಯಿ ಹೋದ ಮೇಲೆ ಆ ಮೂವರೂ ಒಂದು ಕಡೆ ಕೂತು ಉಂಡದ್ದನ್ನು ನಾನು ಕಂಡಿಲ್ಲ ಎಂದೂ ಅಂದೆ.

"ಅದಕ್ಕ ಹಂಚಲಿಕ್ಕತ್ತೀನಿ," ಎಂದರು ಡಾಕ್ಟರು. "ಕತ್ತಿ ಪೂರಾ ನೋಡಬೇಕಂದ್ರ ಮೂರೂ ಮಂದಿ ಕೂಡಬೇಕಲ್ಲ? ಕೂಡ್ತಾರ, ನೀ ನೋಡ್ತಿರು."

ಹಂಚಿದ ದಿನ ನಾನೇ ಚಹಾ ಮಾಡಿದೆ. ಸೋಫಾದ ಮೇಲಿನ ಗೋಡೆಗೆ ಒಂದೇ ಹಾಳೆ ಸಾಲದು ಎಂದ ಹಿರಿಯ ಮಗ. ಹೌನ್ಸ್ಲೋದ ಮಗಳು, ಈ ಮುಖ ಕಂಡರೆ ಮಕ್ಕಳು ಹೆದರುತ್ತಾರೆಂದು ಮೂಗು ಮುರಿದಳು. ಕ್ಯಾನರಿ ವಾರ್ಫ್‌ನಲ್ಲಿ ಕೆಲಸಕ್ಕಿರುವ ಕಿರಿಯವನಿಗೆ ತನ್ನ ಪಾಲಿಗೆ ಬರೀ ಕತ್ತಿಯ ತುದಿ ಬಂತೆಂದು ಸಿಟ್ಟು. ಎಲ್ಲವೂ ಇಂಗ್ಲಿಷಿನಲ್ಲಿ. ಡಾಕ್ಟರು ಮಾತ್ರ ಎಲ್ಲರಿಗೂ ಚುರುಮುರಿ ಕೊಡುತ್ತ ನಗುತ್ತಿದ್ದರು. ಅಲ್ಲಿ ನಿಲ್ಲುವುದಕ್ಕೇ ನನಗೆ ಅಸಹ್ಯವಾಯಿತು.

ಡಾಕ್ಟರು ತೀರಿಕೊಂಡ ಹದಿಮೂರನೆಯ ದಿನ ಹಿರಿಯ ಮಗನ ಮನೆಗೆ ಊಟಕ್ಕೆ ಕರೆದಿದ್ದರು. ನೋಡಿದರೆ ಸೋಫಾದ ಮೇಲೆ ಮೂರೂ ಹಾಳೆ, ಪೂರಾ ಕತ್ತಿ. ಅಂತೂ ಮುದುಕ ಗೆದ್ದರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಹತ್ತಿರ ಹೋದೆ. ಬಲಗಡೆಯದು ಹಳೆಯ ಕಾಗದ, ಮಂಕಾಗಿತ್ತು. ಉಳಿದೆರಡು ಥಳಥಳ ಹೊಳೆಯುತ್ತಿದ್ದವು.

"ಫೋಟೋ ತೆಗೆದು ಪ್ರಿಂಟ್ ಹಾಕ್ಸಿದ್ವಿ ಆಂಟಿ," ಎಂದಳು ಆ ಮನೆಯ ಸೊಸೆ, ಬೆಂಗಳೂರಿನವಳು. "ಮೂರೂ ಮನೇಲಿ ಈಗ ಫುಲ್ ಸೆಟ್ ಇದೆ. ಇದಕ್ಕೋಸ್ಕರ ಯಾರೂ ಯಾರ ಮನೆಗೂ ಓಡಾಡ್ಬೇಕಾಗಿಲ್ಲ."

ಡಾಕ್ಟರು ಇದನ್ನು ನೋಡಿದ್ದರೇ ಎಂದು ಕೇಳಿದೆ.

"ನೋಡಿದ್ರು. ದೀಪಾವಳಿಗೆ ಬಂದಾಗ ತುಂಬಾ ಹೊತ್ತು ಇಲ್ಲೇ ನಿಂತಿದ್ರು. ಚಲೋ ಬಂದಾವ ಅಂದ್ರು. ಆಮೇಲೆ ಕೋಟು ಹಾಕ್ಕೊಂಡು ಹೊರಟೇಬಿಟ್ರು."