ಲ್ಯಾಬಿನವರು ಮಾರಿದ ಕಂಪ್ಯೂಟರ್

ಕಂಪ್ಯೂಟರ್ ಇನ್ನೂ ಅಪರೂಪವಾಗಿದ್ದ ಕಾಲ. ಚಾಮರಾಜನಗರದ ಟೈಪಿಂಗ್ ಶಾಲೆಯವರು ಗುಂಡ್ಲುಪೇಟೆಯ ರಕ್ತಪರೀಕ್ಷೆ ಲ್ಯಾಬಿನಿಂದ ಹಳೆಯದೊಂದನ್ನು ಕೊಂಡು, ಅದಕ್ಕೆ ಕನ್ನಡ ಹಾಕಿಕೊಡಲು ನನ್ನನ್ನು ಕರೆದಿದ್ದರು. ಆನ್ ಮಾಡಿದ್ದೇ ತಡ, ಲ್ಯಾಬಿನ ಪ್ರೋಗ್ರಾಂ ತಾನಾಗಿಯೇ ತೆರೆದು ರೋಗಿಗಳ ಹೆಸರು, ಊರು, ರಿಸಲ್ಟು ಪರದೆಯ ತುಂಬ ಬಂದವು. ನಾನು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಟೈಪ್ ಕಲಿಯುತ್ತಿದ್ದ ಹುಡುಗಿ ಬಗ್ಗಿ ನೋಡಿದಳು.

"ಸಾರ್, ಇದು ನಮ್ಮತ್ಗೆ ಹೆಸ್ರು. ಎಚ್‌ಐವಿ ಪಾಸಿಟಿವ್ ಅಂದ್ರೆ ಏಡ್ಸೇ ಅಲ್ವಾ?"

"ಅದೇ ಹೆಸರಿನೋರು ಬೇರೆ ಯಾರೋ ಇರಬೇಕು ಕಣಮ್ಮ."

"ಹರದನಹಳ್ಳಿ ಅಂತ ಅದೆ. ಗಂಡನ ಹೆಸ್ರು ನಮ್ಮಣ್ಣುಂದು."

ಗುರುತಿನವರು ಯಾರೂ ಕಾಣದಿರಲಿ ಅಂತಲೇ ಆ ಹೆಂಗಸು ಗುಂಡ್ಲುಪೇಟೆಯವರೆಗೆ ಹೋಗಿದ್ದಿರಬೇಕು. "ಮನೇಲಿ ಯಾರಿಗೂ ಹೇಳಬೇಡ, ಮೊದಲು ಅತ್ತಿಗೆ ಹತ್ರ ಮಾತಾಡು" ಅಂದೆ. ಹುಡುಗಿ ತಲೆಯಾಡಿಸಿದಳು. ಅವತ್ತೇ ಡಿಸ್ಕನ್ನು ಪೂರ್ತಿ ಅಳಿಸಿದೆ.

ಮತ್ತೊಮ್ಮೆ ರಿಪೇರಿಗೆ ಹೋದಾಗ ಅವಳೇ ಹತ್ತಿರ ಬಂದು ಮೆಲ್ಲಗೆ ಹೇಳಿದಳು. "ತಡ್ಕಳಕ್ಕಾಗ್ನಿಲ್ಲ ಸಾರ್, ಅವ್ವುಂಗೆ ಯೋಳ್ಬುಟ್ಟೆ. ಅತ್ಗೇನ ತೌರ್ಗೆ ಕಳ್ಸ್‌ಬುಟ್ರು."

"ನಿಮ್ಮಣ್ಣ ಟೆಸ್ಟ್ ಮಾಡಿಸಿದನಾ?"

"ಅವ್ನು ಗಟ್ಟಿಮುಟ್ಟಾಗವ್ನೆ, ಅವ್ನಿಗ್ಯಾಕೆ ಟೆಸ್ಟು ಅಂತಾಳೆ ಅವ್ವ."

ಅವಳು ಕಣ್ಣೊರೆಸಿಕೊಂಡು ತನ್ನ ಜಾಗಕ್ಕೆ ಹೋದಳು.

ಗುಂಡ್ಲುಪೇಟೆಗೆ ಹೋದಾಗ ಆ ಲ್ಯಾಬಿನ ಯಜಮಾನರನ್ನು, ಕಂಪ್ಯೂಟರನ್ನು ಹಾಗೇ ಯಾಕೆ ಮಾರಿದಿರಿ ಅಂತ ಕೇಳಿದೆ. ಅವರಿಗೆ ಬೇಜಾರಾಯಿತು.

"ಹಾಗೇ ಎಲ್ಲಿ ಮಾರಿದ್ವಿ ಸಾರ್? ಸ್ಪಿರಿಟ್ ಹಾಕಿ, ಒರೆಸಿ, ಕ್ಲೀನ್ ಮಾಡೇ ಕೊಟ್ವಲ್ಲ" ಅಂದರು.