ರಕ್ತದ ವಿಷಕ್ಕೆ ಅತ್ತೆಯ ಕಾವಲು

ನನ್ನ ಗಂಡನ ಹೊಟ್ಟೆಯ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಕೊಟ್ಟೂರಿನ ನಮ್ಮ ಕಿರಾಣಿ ಅಂಗಡಿಯ ಗಲ್ಲಾದ ಮುಂದೆ ಕೂತರೆ ಅವರು ಏಳುವುದು ಊಟಕ್ಕೆ ಮಾತ್ರ. ಉಂಡು ಸಂಜೆತನಕ ನಿದ್ದೆ, ಎದ್ದ ಕೂಡಲೇ ಮಂಡಕ್ಕಿ, ಮಿರ್ಚಿ. ಏನಾದರೂ ಅಂದರೆ, "ಹೊಟ್ಟಿ ಇದ್ರಷ್ಟ ಸಾವ್ಕಾರನಂಗ ಕಾಣಾದು" ಎಂದು ಹೊಟ್ಟೆ ತಟ್ಟಿಕೊಂಡು ನಗುವರು. ಆ ನಗು ನೋಡಿದರೆ ನನ್ನ ಸಿಟ್ಟೂ ಅಲ್ಲಿಗೇ ಇಳಿಯುತ್ತಿತ್ತು, ಅದು ಬೇರೆ ಮಾತು.

ಹೋದ ವರ್ಷ ಸುಸ್ತು ಜಾಸ್ತಿಯಾಗಿ ಹರಪನಹಳ್ಳಿಯ ಡಾಕ್ಟರಿಗೆ ತೋರಿಸಿದೆವು. ಅತ್ತೆಯೂ ಬಂದಿದ್ದರು. ಸ್ಕ್ಯಾನಿಂಗ್ ನೋಡಿದ ಡಾಕ್ಟರು, "ಲಿವರ್‌ಗೆ ಕೊಬ್ಬು ಹತ್ತಿದೆ. ಎಲ್ಲರ ಕರುಳಲ್ಲೂ ಬ್ಯಾಕ್ಟೀರಿಯಾ ಇರ್ತವೆ. ಹೊಟ್ಟೆಯಲ್ಲಿ ಬೊಜ್ಜು ಬೆಳೆದವರಿಗೆ ಅವುಗಳ ವಿಷ ಚೂರುಚೂರೇ ರಕ್ತಕ್ಕೆ ಸೋರೋದು ಹೆಚ್ಚು. ಎಣ್ಣೆ ಪದಾರ್ಥ ತಿಂದಷ್ಟೂ ಅದಕ್ಕೆ ದಾರಿ. ಹಿಂಗೇ ಬಿಟ್ಟರೆ ಲಿವರ್, ಹೃದಯ ಎರಡೂ ಕೆಡ್ತವೆ. ದಿನಾ ನಡೀರಿ" ಎಂದರು. ಬಸ್ಸಿನಲ್ಲಿ ನನಗೆ ಅಳು ಬಂತು. ಪುಣ್ಯಾತ್ಮರು ಕಿಟಕಿಯಾಚೆ ಮಿರ್ಚಿ ಅಂಗಡಿ ನೋಡುತ್ತಿದ್ದರು.

ಅತ್ತೆಯ ಕಿವಿಯಲ್ಲಿ ನಿಂತಿದ್ದು ಒಂದೇ ಮಾತು, ಮಗನ ರಕ್ತದಲ್ಲಿ ವಿಷ ಸೇರಿದೆ. ನಮ್ಮ ಕಡೆ ಹಾವು ಕಡಿದವರನ್ನು ಮಲಗಲು ಬಿಡುವುದಿಲ್ಲ. ಮಲಗಿದರೆ ವಿಷ ಏರುತ್ತದೆ ಎಂದು ಮಾತಾಡಿಸುತ್ತಾ ಕೂರುತ್ತಾರೆ. ಮರುದಿನ ಉಂಡು ಮಂಚಕ್ಕೆ ಒರಗಿದ ಮಗನ ತೋಳು ಹಿಡಿದು ಅತ್ತೆ ಅಲುಗಾಡಿಸಿದರು. "ಏಳಲೇ ತಮ್ಮಾ, ಮಲಗಬ್ಯಾಡ. ವಿಷ ಏರತೈತಿ."

"ಯವ್ವಾ, ನನಗೇನು ಹಾವು ಕಡದೈತೇನು?"

ದಿನಾ ಇದೇ ಗಲಾಟೆ. ಇವರು ಗೊಣಗುತ್ತಾ ಗೋಡೆಯ ಕಡೆ ಹೊರಳುವರು. ಅತ್ತೆ ಮಂಚದ ಪಕ್ಕದಲ್ಲೇ ಕೂತು ಇವರ ಬೆನ್ನು ಏರಿಳಿಯುವುದನ್ನೇ ನೋಡುವರು.

ಒಂದು ಮಧ್ಯಾಹ್ನ ನನಗೂ ತಡೆಯಲಾಗಲಿಲ್ಲ. "ಅತ್ತೆವ್ವಾ, ಡಾಕ್ಟರು ನಡೀರಿ ಅಂದಾರ, ಮಲಗಬ್ಯಾಡ್ರಿ ಅಂದಿಲ್ಲ. ಇದು ಹಾವಿನ ವಿಷ ಅಲ್ರಿ. ಸುಮ್ನ ಯಾಕ ಜೀವ ತಿಂತೀರಿ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು. "ಇರ್ಲಿ ಬಿಡವಾ. ಇವರಪ್ಪಗೂ ಹಿಂಗ ಹೊಟ್ಟಿ ಇತ್ತು. ಹಿಂಗ ಉಂಡು ಮಲಗಿದ್ರು. ದಣದಾರ, ಮಲಗ್ಲಿ ಅಂತ ನಾ ಎಬ್ಬಿಸಲಿಲ್ಲ. ಚಾ ಮಾಡ್ಕೊಂಡು ಹೋದ್ರ, ಏಳಲಿಲ್ಲ."

ಮಾವನವರು ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಹಾರ್ಟಿನಿಂದ ಎಂದಷ್ಟೇ ಕೇಳಿದ್ದೆ. ಆ ಚಹಾದ ಸಂಗತಿಯನ್ನು ಈ ಮನೆಯಲ್ಲಿ ಯಾರೂ ಆಡಿರಲಿಲ್ಲ.

ಗೋಡೆಯ ಕಡೆ ಹೊರಳಿದ್ದ ಇವರಿಗೆ ನಿದ್ದೆ ಬಂದಿರಲಿಲ್ಲ. ಎದ್ದು ಕೂತರು. ಬಾಗಿಲ ಹತ್ತಿರ ಹೋಗಿ, ಆ ಹೊಟ್ಟೆಯೊಂದಿಗೆ ಏದುಸಿರು ಬಿಡುತ್ತಾ ಬಗ್ಗಿ, ಅವ್ವನ ಚಪ್ಪಲಿ ತಂದು ಅವರ ಕಾಲ ಮುಂದಿಟ್ಟರು.

"ನಡಿಯವ್ವಾ, ಕೆರಿ ತನಕ ಹೋಗಿ ಬರೋಣು."